ಸಕ್ಕರೆ ನಾಡಿನಲ್ಲಿ ಸಕ್ಕರೆಗೆ ಲೆಕ್ಕ ಇಟ್ಟವರಿಲ್ಲ

ಸಂಪಾದಕರಿಗೆ ನಮಸ್ಕಾರ.

ಸಂಕ್ರಾಂತಿ ಮುಗಿದು ಎಂಟು ದಿನ ಆಯಿತು. ನಮ್ಮ ಮನೆಯ ಸ್ಟೀಲ್ ಡಬ್ಬಿಯಲ್ಲಿ ಸಕ್ಕರೆ ಅಚ್ಚು ಇನ್ನೂ ಇದೆ. ಬಸವ, ನವಿಲು, ತೇರು, ಮೀನು, ತುಳಸಿಕಟ್ಟೆ. ಈ ಸಲ ಎಳ್ಳು ಬೀರಲು ಮೂವತ್ತೆಂಟು ಮನೆಯವರು ಬಂದಿದ್ದರು ಅಂತ ನನ್ನ ಹೆಂಡತಿ ಲೆಕ್ಕ ಇಟ್ಟಿದ್ದಾಳೆ. ಎಳ್ಳು, ಕೊಬ್ಬರಿ, ಕಡಲೆಬೀಜ ಎರಡೇ ದಿನಕ್ಕೆ ಖಾಲಿ. ಅಚ್ಚು ಮಾತ್ರ ಹಾಗೇ ಉಳಿದಿದೆ ಅಂದುಕೊಂಡಿದ್ದೆವು. ಮೊನ್ನೆ ಮಧ್ಯಾಹ್ನ ಅಡುಗೆಮನೆಗೆ ನೀರು ಕುಡಿಯಲು ಹೋದರೆ ನಾಲ್ಕೂವರೆ ವರ್ಷದ ಮೊಮ್ಮಗಳು ಬಾಗಿಲ ಹಿಂದೆ ಕೂತು ಬಸವನ ತಲೆ ಚೀಪುತ್ತಿದ್ದಳು. ತೇರುಗಳೆಲ್ಲ ಆಗಲೇ ಮುಗಿದಿದ್ದವು.

ನಾನು ಬೈಯಲಿಲ್ಲ. ಮಗಳು ಕೇಕು ಮಾಡಲು ಆನ್‌ಲೈನಲ್ಲಿ ತರಿಸಿಕೊಂಡ ಪುಟ್ಟ ತಕ್ಕಡಿ ಅಲ್ಲೇ ಇತ್ತು. ಉಳಿದ ಅಚ್ಚುಗಳನ್ನು ಒಂದೊಂದೇ ಇಟ್ಟು ತೂಗಿದೆ. ಮೀನು 9 ಗ್ರಾಂ. ನವಿಲು 13. ಬಸವ 22. ಡಬ್ಬಿಯಲ್ಲಿ ಉಳಿದದ್ದು ಒಟ್ಟು 1 ಕೆಜಿ 140 ಗ್ರಾಂ. "ಹಬ್ಬದ ಅಚ್ಚನ್ನ ತಕ್ಕಡಿಗೆ ಹಾಕೋರನ್ನ ಇವತ್ತೇ ನೋಡಿದ್ದು" ಅಂತ ಹೆಂಡತಿ ಗೊಣಗಿದಳು. ಏನು ಮಾಡೋದು, ತೂಗೋದು ಅಳೆಯೋದು ನನಗೆ ಹಳೇ ಚಾಳಿ.

ನನಗೀಗ 66 ವರ್ಷ. ನಮ್ಮ ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಕಬ್ಬು ಅರೆಯೋದು ಶುರುವಾಯಿತು ಅಂದರೆ ಗಂಟೆಗೊಂದು ಸಲ ಹಾಲಿನ ಸ್ಯಾಂಪಲ್ ಬರುತ್ತಿತ್ತು. ಕಬ್ಬಿನ ರಸಕ್ಕೆ ನಾವು ಹಾಲು ಅಂತಲೇ ಅನ್ನೋದು. ಬ್ರಿಕ್ಸ್ (ರಸದಲ್ಲಿ ಕರಗಿರೋ ಒಟ್ಟು ಪದಾರ್ಥ) ನೋಡು, ಪೋಲ್ (ಅದರಲ್ಲಿ ಸಕ್ಕರೆ ಎಷ್ಟು) ನೋಡು, ಪುಸ್ತಕದಲ್ಲಿ ಬರಿ. ಇಳುವರಿ, ಅಂದರೆ ನೂರು ಕೆಜಿ ಕಬ್ಬಿಗೆ ಸಿಗೋ ಸಕ್ಕರೆ, 9.2 ಇದ್ದದ್ದು 9.1 ಆದರೆ ಮೇಲಿನವರ ಮುಖ ಗಂಟಾಗುತ್ತಿತ್ತು. ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಹೋಯಿತು, ಕಾಕಂಬಿಯಲ್ಲಿ ಎಷ್ಟು ಹೋಯಿತು, ಮಡ್ಡಿಯಲ್ಲಿ ಎಷ್ಟು ಹೋಯಿತು, ಎಲ್ಲಕ್ಕೂ ಲೆಕ್ಕ. ಅದೂ ಚುಕ್ಕಿಯಾದ ಮೇಲೆ ಎರಡು ಅಂಕಿ. ನನ್ನ ಹೊಟ್ಟೆಗೆ ಎಷ್ಟು ಹೋಯಿತು ಅಂತ ಮಾತ್ರ ಬಹಳ ವರ್ಷ ನಾನು ಬರೆದಿಡಲಿಲ್ಲ.

ಅದನ್ನು ಬರೆಸಿದವರು ಒಬ್ಬ ಡಾಕ್ಟರು. ನನಗೆ ಆಗ 51. ರಾತ್ರಿ ಪಾಳಿಯಲ್ಲಿ ಮೂರು ಮೂರು ಸಲ ಮೂತ್ರಕ್ಕೆ ಏಳೋದು, ಎಷ್ಟು ನೀರು ಕುಡಿದರೂ ಬಾಯಿ ಒಣಗೋದು. ಬಿಸಿಲು, ಬಾಯ್ಲರ್ ಕಾವು ಅಂತ ಆರು ತಿಂಗಳು ತಳ್ಳಿದೆ. ಆಮೇಲೆ ಉಚಿತ ತಪಾಸಣೆ ಶಿಬಿರ ಒಂದರಲ್ಲಿ ಬೆರಳು ಚುಚ್ಚಿಸಿಕೊಂಡೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 171. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.4. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ, ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಾರೆ. ನಾನು ಎರಡರಲ್ಲೂ ಫಸ್ಟ್ ಕ್ಲಾಸಲ್ಲಿ ಪಾಸು. ಲ್ಯಾಬಿನಲ್ಲಿ ಒಂದು ತಿಂಗಳು ಇದೇ ತಮಾಷೆ. "ಶುಗರ್ ಫ್ಯಾಕ್ಟರಿಯೋನಿಗೆ ಶುಗರ್ ಬರ್ದೆ ಸಿಮೆಂಟ್ ಬಂದದೇನಯ್ಯ?"

ಡಾಕ್ಟರು ಮಾತ್ರ ನಗಲಿಲ್ಲ.

"ದಿನಕ್ಕೆ ಎಷ್ಟು ಕಾಫಿ?"

"ಆರು ಸಾರ್. ಪಾಳಿ ಕೆಲಸ ನೋಡಿ."

"ಸಕ್ಕರೆ?"

"ಜಾಸ್ತಿ ಏನಿಲ್ಲ, ಎರಡೇ ಚಮಚ."

"ಯಾವ ಚಮಚ? ತಲೆ ತಟ್ಟಿ ಹಾಕ್ತೀರೋ, ಗೋಪುರ ಕಟ್ಟಿ ಹಾಕ್ತೀರೋ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಯಾಂಪಲ್ ತೆಗೆಯೋ ಕೆಲಸದವನಿಗೆ ಅಳತೆ ಗೊತ್ತಿಲ್ಲ ಅಂದರೆ ನಾಚಿಕೆ ಅಲ್ವಾ? ಮಾರನೇ ದಿನ ಮನೆಯ ಚಮಚವನ್ನೇ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಲ್ಯಾಬಿನ ತಕ್ಕಡಿಯಲ್ಲಿ ತೂಗಿದೆ. ಮಟ್ಟಸ ಮಾಡಿದರೆ 4.6 ಗ್ರಾಂ. ನಮ್ಮ ಮನೆಯಲ್ಲಿ ಹಾಕುವ ಹಾಗೆ ಗುಡ್ಡೆ ಮಾಡಿದರೆ 7. ಈಗ ಗುಣಿಸಿ ನೋಡಿ. ಒಂದು ಲೋಟಕ್ಕೆ 14, ಆರು ಲೋಟಕ್ಕೆ 84 ಗ್ರಾಂ. ತಿಂಗಳಿಗೆ ಎರಡೂವರೆ ಕೆಜಿ. ವರ್ಷಕ್ಕೆ 30 ಕೆಜಿಯ ಮೇಲೆ. ಒಂದು ಟನ್ ಕಬ್ಬು ಅರೆದರೆ ನಮಗೆ 90 ಕೆಜಿ ಚಿಲ್ಲರೆ ಸಕ್ಕರೆ ಸಿಗುತ್ತಿತ್ತು. ಅಂದರೆ ಮೂರು ವರ್ಷಕ್ಕೆ ಒಂದು ಟನ್ ಕಬ್ಬನ್ನು ನಾನು ಬರೀ ಕಾಫಿಯಲ್ಲೇ ಕುಡಿದು ಮುಗಿಸಿದ್ದೆ. ಇದರಲ್ಲಿ ಹೋಳಿಗೆ, ಪಾಯಸ, ಕೇಸರಿಬಾತು, ಬೇಕರಿ ಬನ್ನು ಯಾವುದೂ ಸೇರಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿದೆ. ದಿನಕ್ಕೆ ನಾವು ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ಪಾಲು ಕೂಡ ಈ ಥರ ಸಕ್ಕರೆಯಿಂದ ಬರಬಾರದು. ಐದಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಹತ್ತು ಪಾಲು ಅಂದರೆ 50 ಗ್ರಾಂ, ಐದು ಪಾಲು ಅಂದರೆ 25 ಗ್ರಾಂ. ನನ್ನದು ಕಾಫಿ ಒಂದರಲ್ಲೇ 84. ನನ್ನ ಮೊಮ್ಮಗಳ ವಯಸ್ಸಿನ ಮಗುವಿಗೆ ಇದಕ್ಕಿಂತ ಎಷ್ಟೋ ಕಮ್ಮಿ. ಐದು ಪಾಲಿನ ಲೆಕ್ಕ ಹಿಡಿದರೆ 16 ಗ್ರಾಂ ಆಸುಪಾಸು. 22 ಗ್ರಾಮಿನ ಬಸವ ಒಬ್ಬನೇ ಆ ದಿನದ ಪಾಲು ಮುಗಿಸಿ, ಮೇಲೆ ಸಾಲ ಮಾಡಿಟ್ಟು ಹೋದ.

ಈ ಲೆಕ್ಕಕ್ಕೆ ಇಡೀ ಹಣ್ಣು, ಬರೀ ಹಸುವಿನ ಹಾಲು ಬರುವುದಿಲ್ಲ. ಸಕ್ಕರೆ, ಬೆಲ್ಲ, ಜೇನುತುಪ್ಪ, ಹಿಂಡಿ ತೆಗೆದ ರಸ, ಎಲ್ಲ ಬರುತ್ತೆ. ಬೆಲ್ಲ ಅಂದ ಕೂಡಲೇ ನಮ್ಮೂರಿನವರು ಜಗಳಕ್ಕೆ ಬರುತ್ತಾರೆ ಅಂತ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಕ್ಕರೆ ತಿಂದವರಿಗೆಲ್ಲ ಸಕ್ಕರೆ ಕಾಯಿಲೆ ಬರಲ್ಲ. ಬರೀ ಸಕ್ಕರೆಯಿಂದಲೇ ಬರುತ್ತೆ ಅಂತಲೂ ಅಲ್ಲ. ನಮ್ಮಪ್ಪನಿಗೆ ಇತ್ತು, ದೊಡ್ಡಪ್ಪನಿಗೆ ಇತ್ತು. ನನಗೆ ಹೊಟ್ಟೆ ಬಂದಿತ್ತು, ನಿದ್ದೆಗೆ ಹೊತ್ತುಗೊತ್ತು ಇರಲಿಲ್ಲ, ಅನ್ನವನ್ನೂ ಮುದ್ದೆಯನ್ನೂ ಹೊಲ ಉಳೋರ ಹಾಗೆ ತಿಂದು ಕುರ್ಚಿ ಮೇಲೆ ಕೂರುತ್ತಿದ್ದೆ. ಇಷ್ಟೆಲ್ಲ ಇರೋವಾಗ ಮೇಲಿಂದ 84 ಗ್ರಾಂ ಸಕ್ಕರೆ ಸುರಿದುಕೊಂಡೆ. ಒಣಗಿದ ಸಿಪ್ಪೆ ರಾಶಿಯ ಪಕ್ಕ ಬೀಡಿ ಸೇದಿದ ಹಾಗೆ.

ಕಬ್ಬಿನ ಕೆಲಸದವರಿಗೆ 'ಇನ್‌ವರ್ಷನ್' ಅನ್ನೋ ಮಾತು ಗೊತ್ತು. ಕಬ್ಬು ಕಡಿದು ಎರಡು ಮೂರು ದಿನ ಗಾಡಿಯಲ್ಲೇ ಬಿಟ್ಟರೆ ಒಳಗಿನ ಸಕ್ಕರೆ ಒಡೆದು ಎರಡಾಗುತ್ತೆ. ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಅದು ಹರಳು ಕಟ್ಟಲ್ಲ, ಕಾರ್ಖಾನೆಗೆ ನಷ್ಟ. ಗೇಟಿನ ಮುಂದೆ ಗಾಡಿ ಸಾಲು ಉದ್ದವಾದ ದಿನ ನಮಗೆ ಇದೇ ಚಿಂತೆ. ನಾವು ಸಕ್ಕರೆ ತಿಂದಾಗ ಸಣ್ಣ ಕರುಳಿನಲ್ಲಿ ಆಗೋದೂ ಇದೇ ಒಡೆಯುವ ಕೆಲಸ. ಗ್ಲೂಕೋಸ್ ರಕ್ತಕ್ಕೆ ಸೇರುತ್ತೆ. ಅದನ್ನು ಮೈಯ ಕಣಗಳ ಒಳಕ್ಕೆ ಕಳಿಸೋಕೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತೆ. ಫ್ರಕ್ಟೋಸಿನ ಹೆಚ್ಚಿನ ಪಾಲು ಪಿತ್ತಜನಕಾಂಗಕ್ಕೆ, ಎಲ್ಲರೂ ಲಿವರ್ ಅನ್ನುವುದಕ್ಕೆ ಹೋಗುತ್ತೆ. ಅಲ್ಲಿ ಅಗತ್ಯಕ್ಕಿಂತ ಜಾಸ್ತಿ ಬಂದದ್ದು ಕೊಬ್ಬಾಗುತ್ತೆ. ಸ್ವಲ್ಪ ಲಿವರಿನಲ್ಲೇ ಕೂರುತ್ತೆ, ಸ್ವಲ್ಪ ಟ್ರೈಗ್ಲಿಸರೈಡ್ ಅಂತ ರಕ್ತದಲ್ಲಿ ಓಡಾಡುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ಇನ್ಸುಲಿನ್ ಮಾತನ್ನು ಮೈ ಕೇಳಲ್ಲ. ಶುಗರ್, ಬಿಪಿ, ಹೃದಯದ ತೊಂದರೆ ಒಂದರ ಕೈ ಒಂದು ಹಿಡಿದುಕೊಂಡು ಬರೋದು ಹೀಗೆ.

ನನ್ನ ಹೆಂಡತಿಯ ತಮ್ಮ ಒಂದು ತೊಟ್ಟು ಕುಡಿಯುವವನಲ್ಲ. ಮಂಜುನಾಥನ ಭಕ್ತ. ಹೋದ ವರ್ಷ ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದರೆ ಫ್ಯಾಟಿ ಲಿವರ್ ಅಂತ ಬಂತು. ಊರೆಲ್ಲ ಅವನನ್ನು ಅನುಮಾನದಿಂದ ನೋಡಿತು, ಕದ್ದು ಕುಡೀತಾನೆ ಅಂತ. ಅವನು ಕುಡಿಯುತ್ತಿದ್ದದ್ದು ಕೂಲ್ ಡ್ರಿಂಕ್ಸ್. ಟ್ರ್ಯಾಕ್ಟರ್ ಓಡಿಸೋ ಕೆಲಸ, ದಿನಕ್ಕೆ 600 ಮಿಲಿಯ ಒಂದು ಬಾಟಲಿ. ಇಂಥ ಪಾನೀಯಗಳಲ್ಲಿ ನೂರು ಮಿಲಿಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆ ಇರುತ್ತೆ. ಒಂದು ಬಾಟಲಿಗೆ 60 ಗ್ರಾಂ ದಾಟಿತು. ಅಗಿಯೋ ಕೆಲಸ ಇಲ್ಲ, ಹೊಟ್ಟೆ ತುಂಬಿದ ಹಾಗೂ ಅನ್ನಿಸಲ್ಲ, ಊಟದಲ್ಲಿ ಒಂದು ತುತ್ತೂ ಕಮ್ಮಿ ಆಗಲ್ಲ. ಕುಡಿಯೋ ಸಕ್ಕರೆ ತಿನ್ನೋ ಸಕ್ಕರೆಗಿಂತ ಮೋಸದ್ದು ಅನ್ನೋದು ಇದಕ್ಕೇ.

ಹಾಗಾದರೆ ಕಬ್ಬಿನ ಹಾಲು? ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಗಾಣದ ಗೆಜ್ಜೆ ಸದ್ದು ಕೇಳಿದರೆ ನನಗೂ ಕಾಲು ನಿಲ್ಲುತ್ತೆ. ಶುಂಠಿ, ನಿಂಬೆಹುಳಿ ಹಾಕಿ ಹಿಂಡಿದ ಒಂದು ಲೋಟ ಹಾಲಿನ ಮುಂದೆ ಯಾವ ಬಾಟಲಿ ನಿಲ್ಲುತ್ತೆ ಹೇಳಿ. ಆದರೆ ಲ್ಯಾಬಿನವನ ಬಾಯಲ್ಲಿ ಸುಳ್ಳು ಬರಬಾರದು. ಚೆನ್ನಾಗಿ ಮಾಗಿದ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದರ ಹತ್ತಿರ ಸಕ್ಕರೆಯೇ ಇರುತ್ತೆ. 200 ಮಿಲಿ ಲೋಟಕ್ಕೆ 30 ಗ್ರಾಂ. ಬಾಟಲಿಗಿಂತ ಗಟ್ಟಿ! ನಾನು ಈಗ ವರ್ಷಕ್ಕೆ ಎರಡೋ ಮೂರೋ ಸಲ, ಅರ್ಧ ಲೋಟ, ಅದೂ ಹೆಂಡತಿ ಜೊತೆ ಇದ್ದಾಗ. ಉಳಿದರ್ಧ ಅವಳದು. ಕಬ್ಬನ್ನೇ ಸಿಗಿದು ತಿನ್ನೋ ಹಲ್ಲು ಇದ್ದವರು ಜಲ್ಲೆಯನ್ನೇ ತಿನ್ನಲಿ. ಎಷ್ಟು ತಿಂದರೂ ದವಡೆ ಸೋಲುತ್ತೆ, ಅಲ್ಲಿಗೆ ತಾನಾಗಿ ನಿಲ್ಲುತ್ತೆ.

ಈಗ ಬೆಲ್ಲ. ನಮ್ಮಕ್ಕ ಕೊತ್ತತ್ತಿ ಕಡೆ ಇದ್ದಾಳೆ. ಹೋದಾಗಲೆಲ್ಲ ದೊಡ್ಡ ಲೋಟದಲ್ಲಿ ಬೆಲ್ಲದ ಕಾಫಿ. "ಬ್ಯಾಡ ಕಣಕ್ಕ, ಶುಗರ್ ಅದೆ" ಅಂದರೆ ಸಿಟ್ಟು. "ಲೇ, ನಿಂಗೆ ಸಕ್ಕರೆ ಬ್ಯಾಡ ಅಂದವ್ರೆ. ಇದು ಬೆಲ್ಲ ಕಣ್ಲಾ. ಏನೂ ಆಗಕಿಲ್ಲ, ಕುಡಿ." ಅವಳೊಬ್ಬಳದಲ್ಲ ಈ ಮಾತು. ಸಿಲ್ವರ್ ಜ್ಯೂಬಿಲಿ ಪಾರ್ಕಿನಲ್ಲಿ ವಾಕಿಂಗ್ ಬರುವ ಓದಿದವರೂ ಇದನ್ನೇ ಹೇಳ್ತಾರೆ. ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ತೆಗೆದು ಅಚ್ಚಿಗೆ ಸುರಿಯೋದು ಅದೇ ಕಬ್ಬಿನ ಹಾಲನ್ನೇ ತಾನೆ? ನೂರು ಗ್ರಾಂ ಒಳ್ಳೇ ಬೆಲ್ಲದಲ್ಲಿ ಎಂಬತ್ತು ಗ್ರಾಮಿನ ಮೇಲೆ ಸಕ್ಕರೆಯೇ. ಉಳಿದದ್ದು ಸ್ವಲ್ಪ ನೀರು, ಸ್ವಲ್ಪ ಒಡೆದ ಸಕ್ಕರೆ, ಒಂಚೂರು ಕಬ್ಬಿಣ ಮತ್ತೆ ಇತರ ಲವಣ. ಆ ಒಂಚೂರು ಕಬ್ಬಿಣಕ್ಕಾಗಿ ಬೆಲ್ಲ ತಿನ್ನೋದಾದರೆ ರಕ್ತ ಆಗೋ ಮೊದಲು ಶುಗರ್ ಏರುತ್ತೆ. ಸೊಪ್ಪು, ಹುರುಳಿ, ರಾಗಿ ಮನೆಯಲ್ಲೇ ಇರೋವಾಗ ಈ ದಾರಿ ಯಾಕೆ? ಜೊತೆಗೆ ಕೆಲವು ಕಡೆ ಕೊಪ್ಪರಿಗೆಗೆ ಸಕ್ಕರೆ ಮೂಟೆಯನ್ನೇ ಸುರೀತಾರೆ, ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಾರೆ ಅನ್ನೋದು ಮಂಡ್ಯದವರಿಗೆ ಗೊತ್ತಿಲ್ಲದ ಸಂಗತಿ ಏನಲ್ಲ. ರುಚಿಗೆ ಬೆಲ್ಲವೇ ಮೇಲು, ನನ್ನ ಓಟೂ ಅದಕ್ಕೇ. ಔಷಧಿ ಅಂತ ಮಾತ್ರ ಕುಡಿಸಬೇಡಿ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಸರಿ ಬುಡು, ಮಜ್ಜಿಗೆ ಕುಡಿ" ಅಂದಳು. ಮುಂದಿನ ಸಲ ಹೋದಾಗ ಮತ್ತೆ ಬೆಲ್ಲದ ಕಾಫಿಯೇ ಬಂತು, ಲೋಟ ಮಾತ್ರ ಚಿಕ್ಕದಾಗಿತ್ತು. ಅಷ್ಟಾದರೂ ಆಯಿತಲ್ಲ.

ನಾವು ಚಿಕ್ಕವರಿದ್ದಾಗ ಸಕ್ಕರೆ ಸೊಸೈಟಿಯಲ್ಲಿ ಕಾರ್ಡಿಗೆ ಇಷ್ಟು ಅಂತ ಸಿಗುತ್ತಿತ್ತು. ಅವ್ವ ಅದನ್ನು ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಯಲ್ಲಿ ಇಡುತ್ತಿದ್ದಳು. ಸಕ್ಕರೆ ಕಾಫಿ ನೆಂಟರಿಗೆ, ನಮಗೆ ಬೆಲ್ಲದ ನೀರು ಕಾಫಿ, ಅದೂ ಹಬ್ಬಕ್ಕೆ ಹುಣ್ಣಿಮೆಗೆ. ಸಕ್ಕರೆ ಮಾಡೋ ಊರಿನಲ್ಲಿ ನಮಗೆ ಸಕ್ಕರೆ ಇಲ್ಲವಲ್ಲ ಅಂತ ಅಳುತ್ತಿದ್ದೆವು. ಮೊನ್ನೆ ಮಗಳು ಫೋನಿನಲ್ಲಿ ಒಂದು ಸುದ್ದಿ ಓದಿ ಹೇಳಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲೂ ಸಕ್ಕರೆಗೆ ರೇಷನ್ ಇತ್ತಂತೆ. ಅದು ಮುಗಿದದ್ದು 1953ರಲ್ಲಿ. ಮುಗಿದದ್ದೇ ತಡ, ಒಬ್ಬೊಬ್ಬರು ದಿನಕ್ಕೆ 40 ಗ್ರಾಂ ಆಸುಪಾಸು ತಿನ್ನುತ್ತಿದ್ದದ್ದು ಹತ್ತಿರಹತ್ತಿರ ಎರಡರಷ್ಟಾಯಿತು. ತಾಯಿ ಹೊಟ್ಟೆಯಲ್ಲಿ ಇದ್ದಾಗಿನಿಂದ ಎರಡು ವರ್ಷದವರೆಗೆ ರೇಷನ್ ಕಾಲದಲ್ಲಿ ಬೆಳೆದ ಮಕ್ಕಳನ್ನೂ, ಆಮೇಲೆ ಹುಟ್ಟಿದವರನ್ನೂ ವಯಸ್ಸಾದ ಮೇಲೆ ಹೋಲಿಸಿ ನೋಡಿದ್ದಾರೆ. ರೇಷನ್ ಮಕ್ಕಳಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಸುಮಾರು ನೂರಕ್ಕೆ 35ರಷ್ಟು ಕಮ್ಮಿ, ಬಿಪಿಯದು ಸುಮಾರು 20ರಷ್ಟು ಕಮ್ಮಿ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು. ಅವ್ವನ ಅಟ್ಟದ ಬಾಟಲಿ ನೆನಪಾಯಿತು. ಈಗ ಹೆರಿಗೆಯಾದ ಮನೆಗೆ ಹೋದರೆ ಕೂಸಿನ ನಾಲಿಗೆಗೆ ಸಕ್ಕರೆ ನೀರು ಮುಟ್ಟಿಸೋರು ಇನ್ನೂ ಇದ್ದಾರೆ. ಆರು ತಿಂಗಳ ಮಗುವಿಗೆ ಬಿಸ್ಕತ್ತು ಹಾಲಿನಲ್ಲಿ ನೆನೆಸಿ ತಿನ್ನಿಸೋರಂತೂ ಮನೆಮನೆಗೂ ಇದ್ದಾರೆ. ಎರಡು ವರ್ಷದವರೆಗೆ ಮಗುವಿಗೆ ಸಕ್ಕರೆಯ ರುಚಿಯೇ ಬೇಡ ಅಂತ ಡಾಕ್ಟರುಗಳು ಬಡಿದುಕೊಳ್ತಾರೆ, ಕೇಳೋರು ಯಾರು?

ನನ್ನ ಜಗಳ ಮೈಸೂರು ಪಾಕಿನ ಮೇಲಲ್ಲ. ಅರಮನೆ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮಾಡಿದ ತಿಂಡಿ, ಅದರ ಮರ್ಯಾದೆ ಅದಕ್ಕಿದೆ. ಅದು ತಾನು ಸಿಹಿ ಅಂತ ಹೇಳಿಕೊಂಡೇ ತಟ್ಟೆಗೆ ಬರುತ್ತೆ. ತಿನ್ನೋರಿಗೂ ಗೊತ್ತಿರುತ್ತೆ, ಒಂದು ತುಂಡಿಗೆ ಕೈ ಹಿಂದಕ್ಕೆ ಬರುತ್ತೆ. ನನಗೆ ಸಿಟ್ಟು ಬರೋದು ಮುಖ ಮುಚ್ಚಿಕೊಂಡು ಬರೋ ಸಕ್ಕರೆಯ ಮೇಲೆ. ಹೋದ ವಾರ ಭೂತಗನ್ನಡಿ ಹಿಡಿದುಕೊಂಡು ಮನೆಯ ಕಪಾಟನ್ನು ತಪಾಸಣೆ ಮಾಡಿದೆ. ಮೊಮ್ಮಗಳು ಎತ್ತರ ಆಗಲಿ, ಚುರುಕಾಗಲಿ ಅಂತ ಹಾಲಿಗೆ ಬೆರೆಸೋ ಪುಡಿ: ನೂರು ಗ್ರಾಮಿಗೆ 32 ಗ್ರಾಂ ಸೇರಿಸಿದ ಸಕ್ಕರೆ. ಟೊಮೆಟೊ ಸಾಸ್, ಅದು ಹುಳಿ ಅಲ್ವಾ ಅಂದುಕೊಂಡಿದ್ದೆ, 26. ಡಯಾಬಿಟಿಸ್ ಇರೋರು ತಿನ್ನಬಹುದು ಅಂತ ಅಂಗಡಿಯವನು ಕೊಟ್ಟ ಬಿಸ್ಕತ್ತಿನಲ್ಲಿ ಸಕ್ಕರೆ ಸೊನ್ನೆ, ಆದರೆ ಮೈದಾ ಮತ್ತು ಪಿಷ್ಟದಿಂದ ಮಾಡೋ ಮಾಲ್ಟೊಡೆಕ್ಸ್‌ಟ್ರಿನ್ ಇದೆ. ಅದೂ ರಕ್ತದ ಶುಗರನ್ನು ಸಕ್ಕರೆಯಷ್ಟೇ ಬೇಗ ಏರಿಸುತ್ತೆ. ಹಣ್ಣಿನ ಪಾನೀಯದ ಡಬ್ಬಿಯ ಮೇಲೆ ಮಾವಿನಹಣ್ಣು ದೊಡ್ಡದು, ಅಕ್ಷರ ಸಾಸಿವೆಕಾಳಿಗಿಂತ ಸಣ್ಣದು.

ಸಕ್ಕರೆಗೆ ಇರೋ ಹೆಸರುಗಳೂ ಬಹಳ. ಇನ್‌ವರ್ಟ್ ಸಿರಪ್ ಅಂತ ಬಿಸ್ಕತ್ತು ಪ್ಯಾಕೆಟ್ ಮೇಲೆ ನೋಡಿ ನಗು ಬಂತು. ಇನ್‌ವರ್ಷನ್ ಆಗದಿರಲಿ ಅಂತ ಮೂವತ್ತು ವರ್ಷ ಕಾವಲು ಕಾದೆ, ಇವರು ಬೇಕಂತಲೇ ಮಾಡಿ ಮಾರುತ್ತಿದ್ದಾರೆ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್, ಎಲ್ಲ ಒಂದೇ ಮನೆತನ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರೋದು ಮೊದಲು ಬರಬೇಕು ಅನ್ನೋದು ನಿಯಮ. ಸಕ್ಕರೆಯನ್ನು ಮೂರು ಹೆಸರಿನಲ್ಲಿ ಹಂಚಿಬಿಟ್ಟರೆ ಒಂದೊಂದೂ ಹಿಂದಿನ ಸಾಲಿಗೆ ಹೋಗಿ ಕೂರುತ್ತೆ. ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎರಡನ್ನೂ ಬೇರೆಬೇರೆ ಬರೀಬೇಕು ಅಂತ ಈಗ ಕಾನೂನಿದೆ, ಅದು ಒಳ್ಳೆಯದೇ. ಸಕ್ಕರೆ, ಉಪ್ಪು, ಕೊಬ್ಬಿನ ಅಂಕಿಯನ್ನು ದಪ್ಪ ಅಕ್ಷರದಲ್ಲಿ ದೊಡ್ಡದಾಗಿ ಹಾಕಿಸುವ ಪ್ರಸ್ತಾವಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಬೀದಿಯ ದಿನಸಿ ಅಂಗಡಿಯ ಪ್ಯಾಕೆಟ್‌ಗಳ ಮೇಲೆ ಆ ದೊಡ್ಡ ಅಕ್ಷರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಭಾಷೆಯದು. ಪ್ಯಾಕೆಟ್ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು ಅನ್ನುತ್ತೆ ನಿಯಮ. ಕನ್ನಡ ಬೇಕಾದರೆ ಹಾಕಬಹುದು ಅಷ್ಟೇ. ಹಾಗಾಗಿ ಜಾಹೀರಾತು ಕನ್ನಡದಲ್ಲಿ, ಸಕ್ಕರೆಯ ಅಂಕಿ ಇಂಗ್ಲಿಷಿನಲ್ಲಿ. ನಮ್ಮಕ್ಕ ಏಳನೇ ಕ್ಲಾಸು ಓದಿದ್ದಾಳೆ, ನಿಮ್ಮ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೇ ಸಾಲಿನವರೆಗೆ ಓದ್ತಾಳೆ. ಮೊಮ್ಮಕ್ಕಳಿಗೆ ಕೊಡೋ ಬಿಸ್ಕತ್ತಿನ ಪ್ಯಾಕೆಟ್ ಅವಳಿಗೆ ಓದೋಕೆ ಬರಲ್ಲ. ಕನ್ನಡ ಬಾವುಟ ಹಿಡಿಯೋರು ಬೋರ್ಡಿನ ಜೊತೆ ಈ ಪ್ಯಾಕೆಟ್ ಕಡೆಗೂ ಒಂದು ಸಲ ನೋಡಬಾರದಾ?

ಹಲ್ಲಿನ ವಿಷಯ ಹೇಳಿಬಿಡ್ತೀನಿ. ಬಾಯಲ್ಲಿರೋ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಹುಳಿ ಬಿಡ್ತವೆ. ಆ ಹುಳಿ ಹಲ್ಲಿನ ಮೇಲ್ಪದರ ಕರಗಿಸುತ್ತೆ. ಒಟ್ಟು ಎಷ್ಟು ತಿಂದರು ಅನ್ನೋದರ ಜೊತೆ ದಿನಕ್ಕೆ ಎಷ್ಟು ಸಲ ತಿಂದರು, ಎಷ್ಟು ಹೊತ್ತು ಬಾಯಲ್ಲಿಟ್ಟುಕೊಂಡರು ಅನ್ನೋದೂ ಮುಖ್ಯ. ಬಸವನ ತಲೆ ಅರ್ಧ ಗಂಟೆ ಚೀಪೋದು ಅಂದರೆ ಆ ಬ್ಯಾಕ್ಟೀರಿಯಾಗಳಿಗೆ ಅರ್ಧ ಗಂಟೆ ಮದುವೆ ಊಟ. ಮೊಮ್ಮಗಳ ಎರಡು ದವಡೆ ಹಲ್ಲು ಆಗಲೇ ಹುಳುಕಾಗಿವೆ. ಹಾಲು ಹಲ್ಲು ತಾನೆ, ಬಿದ್ದು ಹೋಗುತ್ತೆ ಅಂತ ನಾನೇ ಅಂದಿದ್ದೆ. ಡಾಕ್ಟರಮ್ಮ ಸರಿಯಾಗಿ ಮಂಗಳಾರತಿ ಎತ್ತಿದರು. ಆ ಹಲ್ಲುಗಳು ಬೀಳೋದು ಹತ್ತು ಹನ್ನೆರಡು ವರ್ಷಕ್ಕಂತೆ. ಅಲ್ಲಿವರೆಗೆ ನೋವು ತಿನ್ನೋದು ಯಾರು?

ಆ ಮಗುವಿನ ಶಾಲೆಯ ಹೆಸರು ಬೇಡ. ಒಳ್ಳೇ ಶಾಲೆ, ಒಳ್ಳೇ ಮೇಡಮ್ಮಂದಿರು. ಆದರೆ ಯಾರ ಹುಟ್ಟುಹಬ್ಬ ಆದರೂ ಇಡೀ ಕ್ಲಾಸಿಗೆ ಚಾಕ್ಲೇಟು. ಮೂವತ್ತು ಮಕ್ಕಳು, ಮೂವತ್ತು ಹುಟ್ಟುಹಬ್ಬ. ಆಟದ ದಿನ ಓಡಿ ಸುಸ್ತಾದವರಿಗೆ ಹಣ್ಣಿನ ಹೆಸರಿನ ಆ ಡಬ್ಬಿ ಪಾನೀಯ. ಸಭೆಯಲ್ಲಿ ನಾನು ಎದ್ದು ಕೇಳಿದೆ, ಮಜ್ಜಿಗೆ ಕೊಡಬಹುದಲ್ಲ ಅಂತ. ಪಕ್ಕದಲ್ಲಿದ್ದ ಒಬ್ಬರು ತಂದೆ, "ತಾತ, ಮಕ್ಕಳಿಗೆ ಶುಗರ್ ಎಲ್ಲಿ ಬರುತ್ತೆ, ತಿನ್ನಲಿ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಕೂತೆ. ಮನೆಗೆ ಬಂದು ಈ ಪತ್ರ ಶುರು ಮಾಡಿದೆ.

ಆ ತಂದೆಯ ಮಾತೇ ನಮ್ಮೂರಿನ ಮಾತು. ಸಕ್ಕರೆ ಲೆಕ್ಕ ಇರೋದು ಶುಗರ್ ಬಂದವರಿಗೆ, ಉಳಿದವರಿಗೆ ಇಲ್ಲ. ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಕಾಫಿ ಕೇಳಿದರೆ ಹುಡುಗ ಪಾಪ ಅನ್ನೋ ಮುಖ ಮಾಡಿ, "ಶುಗರಾ ಸಾರ್?" ಅಂತ ಕೇಳ್ತಾನೆ. ನನ್ನ ಜೊತೆ ಬರೋ ಸ್ನೇಹಿತ ಒಬ್ಬರಿಗೆ ಶುಗರ್ ಇಲ್ಲ. ಆದರೂ ಬೇಡ ಅಂತಾರೆ, ಅವರಿಗೂ ಅದೇ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಸಮೀಕ್ಷೆ 2023ರಲ್ಲಿ ಬಂತು. ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ. ಇನ್ನೂ 13.6 ಕೋಟಿ ಜನ ಅಂಚಿನಲ್ಲಿ ನಿಂತಿದ್ದಾರೆ. ಈ ಅಂಚಿನಲ್ಲಿ ನಿಂತವರೇ ನೋಡಿ, ನನಗೇನೂ ಇಲ್ಲ, ಎರಡು ಚಮಚ ಹಾಕಪ್ಪ ಅನ್ನೋರು. ನಾನೂ ಅದೇ ಅಂಚಿನಲ್ಲಿ ಗೊತ್ತಿಲ್ಲದೆ ಎಷ್ಟು ವರ್ಷ ನಿಂತಿದ್ದೆನೋ.

ಹಾಗಾಗಿ ಕೆಲವು ಬೇಡಿಕೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ತಿಂಡಿ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ, ಮಕ್ಕಳಿಗೆ ಎಷ್ಟು ಸಾಕು ಅಂತ ಗೋಡೆಯ ಮೇಲೆ ತೋರಿಸೋ ಫಲಕ. ನಮ್ಮ ರಾಜ್ಯದ ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಅಂಗನವಾಡಿಗಳಲ್ಲೂ ಅಂಥದೊಂದು ಇರಲಿ, ಕನ್ನಡದಲ್ಲಿ ಇರಲಿ. ಮಂಡ್ಯದಿಂದಲೇ ಶುರು ಮಾಡಿದರೆ ಇನ್ನೂ ಚಂದ. ಖರ್ಚು ಏನೂ ಇಲ್ಲ. ಒಂದು ಪೆಪ್ಪರಮೆಂಟು, ಒಂದು ಕೂಲ್ ಡ್ರಿಂಕ್ಸ್ ಬಾಟಲಿ, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಅಷ್ಟಷ್ಟೇ ತೂಗಿದ ಸಕ್ಕರೆ. ತೂಗಿಕೊಡೋಕೆ ನಾನು ಬರ್ತೀನಿ, ಸಂಬಳ ಬೇಡ.

ಹೋಟೆಲಿನವರಿಗೆ ಒಂದು ಮಾತು. ಕಾಫಿ, ಟೀಗೆ ಸಕ್ಕರೆ ಬೇರೆ ಕೊಡಿ. ಬೇಕಾದವರು ಹಾಕಿಕೊಳ್ಳಲಿ. ಟೀಯನ್ನಂತೂ ಬೆಳಗ್ಗೆಯೇ ಸಕ್ಕರೆ ಸುರಿದು ಕುದಿಸಿಟ್ಟಿರ್ತಾರೆ. ಸಕ್ಕರೆ ಬೇಡ ಅನ್ನೋರು ಬಿಸಿನೀರು ಕುಡೀಬೇಕು ಅಷ್ಟೇ. ಸಾಂಬಾರಿಗೂ ಚಟ್ನಿಗೂ ಸಕ್ಕರೆ ಹಾಕೋ ಹೊಸ ಚಟ ಯಾರು ಕಲಿಸಿದರೋ. ನಮ್ಮ ಕಡೆ ಸಾಂಬಾರಿಗೆ ಬೆಲ್ಲದ ಚೂರು ಹಾಕೋದು ಹಳೇದು, ಒಪ್ಪಿದೆ. ಆದರೆ ಅದು ಚೂರು.

ಇದನ್ನು ಓದಿ ಕಬ್ಬು ಬೆಳೆಗಾರರು ನನ್ನ ಮೇಲೆ ಸಿಟ್ಟಾಗಬಹುದು. ನಾನೂ ಬೆಳೆಗಾರನೇ. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಮುಕ್ಕಾಲು ಎಕರೆಯಲ್ಲಿ ಈ ವರ್ಷವೂ ಕೂಳೆ ಕಬ್ಬಿದೆ. ಕನ್ನಂಬಾಡಿ ಕಟ್ಟೆ ಆಗಿ ನಾಲೆಯಲ್ಲಿ ನೀರು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ನಮ್ಮ ತಾತ ಹುಲ್ಲಿನ ಮನೆ ಬಿಟ್ಟು ಹೆಂಚಿನ ಮನೆ ಕಟ್ಟಿದ್ದು. ಆ ಕಾರ್ಖಾನೆ ಬರೋಕೆ ಕಾರಣರಾದ ಕೋಲ್ಮನ್ ಸಾಹೇಬರ ಹೆಸರನ್ನು ಕೈ ಮುಗಿದು ಹೇಳುತ್ತಿದ್ದರು. ಆ ಋಣ ನನಗೆ ಗೊತ್ತಿದೆ. ಕಬ್ಬು ಬೆಳೀರಿ, ಸಕ್ಕರೆ ಮಾಡಿ. ಕಬ್ಬಿನಿಂದ ಎಥನಾಲ್ ಆಗುತ್ತೆ, ಸಿಪ್ಪೆಯಿಂದ ಕರೆಂಟ್ ಆಗುತ್ತೆ. ಇಡೀ ಬೆಳೆಯನ್ನು ನಮ್ಮ ಮಕ್ಕಳ ಬಾಯಿಗೇ ಸುರಿದು ತೀರಿಸಬೇಕು ಅಂತ ಎಲ್ಲೂ ಇಲ್ಲ.

ನನ್ನ ಕಾಫಿ ಈಗ ದಿನಕ್ಕೆ ಎರಡು, ಸಕ್ಕರೆ ಇಲ್ಲ. ಒಂದೇ ಸಲ ಬಿಡೋಕೆ ಆಗಲಿಲ್ಲ. ಗುಡ್ಡೆ ಚಮಚದಿಂದ ಮಟ್ಟಸ ಚಮಚ, ಆಮೇಲೆ ಅರ್ಧ, ಆಮೇಲೆ ಕಾಲು. ನಾಲ್ಕು ತಿಂಗಳು ಹಿಡಿಯಿತು. ಮೊದಲ ವಾರ ಕಾಫಿ ಕಷಾಯದ ಹಾಗಿತ್ತು. ಈಗ ಯಾರಾದರೂ ಸಕ್ಕರೆ ಹಾಕಿಕೊಟ್ಟರೆ ಪಾಯಸ ಕುಡಿದ ಹಾಗಾಗುತ್ತೆ. ಮಾತ್ರೆ ಇದೆ, ನಡಿಗೆ ಇದೆ, ಎಚ್‌ಬಿಎ1ಸಿ 6.9ಕ್ಕೆ ಬಂದು ನಿಂತಿದೆ. ಎಡಗಾಲಿನ ಬೆರಳುಗಳ ಜುಮ್ಮು ಮಾತ್ರ ಹೋಗಿಲ್ಲ. ಅದು ಹೋಗಲ್ಲ ಅಂದಿದ್ದಾರೆ.

ಪತ್ರ ಉದ್ದವಾಯಿತು. ಜಾಗ ಇಲ್ಲದಿದ್ದರೆ ಕತ್ತರಿಸಿ, ಅಂಕಿಗಳನ್ನು ಮಾತ್ರ ಬಿಡಬೇಡಿ. ಕೊನೆಗೆ ನಿಮಗೂ ಒಂದು ದೂರು. ನಿಮ್ಮ ಭಾನುವಾರದ ಅಡುಗೆ ಅಂಕಣದಲ್ಲಿ ಕ್ಯಾರೆಟ್ ಹಲ್ವಕ್ಕೆ ಕ್ಯಾರೆಟ್ ಅರ್ಧ ಕೆಜಿ, ತುಪ್ಪ ನಾಲ್ಕು ಚಮಚ, ಗೋಡಂಬಿ ಹತ್ತು ಅಂತ ಸರಿಯಾಗಿ ಬರೆದಿರ್ತೀರಿ. ಸಕ್ಕರೆ ಬಂದಾಗ ಮಾತ್ರ 'ರುಚಿಗೆ ತಕ್ಕಷ್ಟು'. ದಯವಿಟ್ಟು ಮುಂದಿನ ವಾರದಿಂದ ಅಲ್ಲಿ ಗ್ರಾಂ ಹಾಕಿ.

ಇಂತಿ ನಮಸ್ಕಾರಗಳು,
ನಿವೃತ್ತ ಸಕ್ಕರೆ ಕಾರ್ಖಾನೆ ಲ್ಯಾಬ್ ನೌಕರ,
ಗುತ್ತಲು, ಮಂಡ್ಯ
(ಹೆಸರು ಹಾಕಬೇಡಿ. ಅಕ್ಕ ಓದ್ತಾಳೆ.)